ಬಿಸಿಲಿಗೆ ಹಾಕಿದ ಚಟ್ನಿಪುಡಿ

ಮೆಟ್ರೋ ಕೆಂಗೇರಿಯವರೆಗೆ ಬಂದು ಒಂದೆರಡು ವರ್ಷವಾಗಿತ್ತು. ನಾನು ಆಗ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಮಸಾಲೆ ಪುಡಿ ಕಂಪನಿಯ ಕ್ವಾಲಿಟಿ ಮ್ಯಾನೇಜರ್. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯೇನೂ ಇಲ್ಲ, ನಿವೃತ್ತನಿಗೆ ಯಾರು ಏನು ಮಾಡಿಯಾರು? ಆ ಹೆಸರು ಬಾಯಿಗೆ ಬಂದರೆ ನನಗೆ ಅಸಹ್ಯವಾಗುತ್ತದೆ, ಅಷ್ಟೇ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಟ್ಟಿಗೆ ಹುರಿದು, ಪುಡಿ ಮಾಡಿ, ಬೆರೆಸಿದ ಮಾಲಿಗೆ ಬ್ಯಾಚ್ ಎನ್ನುತ್ತಾರೆ. ಪ್ರತಿ ಬ್ಯಾಚಿನಿಂದ ಒಂದಿಷ್ಟು ಪುಡಿ ನನ್ನ ಲ್ಯಾಬಿಗೆ ಬರುತ್ತಿತ್ತು. ತೇವಾಂಶ ಎಷ್ಟಿದೆ, ಎಣ್ಣೆ ಕಮಟು ಹಿಡಿದಿದೆಯೇ, ಬಣ್ಣ ಸರಿಯಿದೆಯೇ ಎಂದು ನೋಡಿ, ಕೊನೆಗೆ ನಾಲಗೆಯ ಮೇಲಿಟ್ಟು ರುಚಿ ನೋಡಿ, ನಾನು ರಿಲೀಸ್ ನೋಟಿಗೆ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಮಾಲು ಗೇಟು ದಾಟುವಂತಿಲ್ಲ. ಕಂಪನಿಯ ಸಂಬಳ ತಿಂದು ಕಂಪನಿಗೇ ಅಡ್ಡಗಾಲು ಹಾಕುವ ಕೆಲಸ ಇದೊಂದೇ ಎಂದು ಸೇಲ್ಸ್ ವಿಭಾಗದವರು ನನ್ನನ್ನು ರೇಗಿಸುತ್ತಿದ್ದರು. ಅಡ್ಡಗಾಲು ಹಾಕುವುದಕ್ಕೇ ಸಂಬಳ ಕೊಡುತ್ತಾರಪ್ಪ ಎಂದು ನಾನೂ ನಗುತ್ತಿದ್ದೆ.

ಕಂಪನಿ ಕಟ್ಟಿದವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಬಸವೇಶ್ವರನಗರದ ಮನೆಯ ಅಡುಗೆಮನೆಯಲ್ಲಿ ಅವರ ಹೆಂಡತಿ ಮಾಡಿಕೊಡುತ್ತಿದ್ದ ಹುಳಿಪುಡಿಯನ್ನು ಸೈಕಲ್ಲಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬೆಳೆದವರು. ಆ ತಾಯಿ ತೀರಿಕೊಂಡ ಮೇಲೂ ಪ್ರತಿ ಪ್ಯಾಕೆಟ್ಟಿನ ಮೇಲೆ ಅವರ ಫೋಟೋ ಇತ್ತು. ಆಯುಧಪೂಜೆಯ ದಿನ ಯಜಮಾನರು ಎಲ್ಲರನ್ನೂ ನಿಲ್ಲಿಸಿಕೊಂಡು, "ಅನ್ನಕ್ಕೆ ಹಾಕೋ ಪದಾರ್ಥ ಇದು. ಕೈ ಶುದ್ಧ ಇರ್ಬೇಕು, ಮನಸ್ಸೂ ಶುದ್ಧ ಇರ್ಬೇಕು" ಎಂದು ಹೇಳುವರು. ಹೇಳುವಾಗ ಕಣ್ಣಲ್ಲಿ ನೀರು ತುಂಬುತ್ತಿತ್ತು. ನಾನೂ ಬಹಳ ವರ್ಷ ಆ ಕಣ್ಣೀರನ್ನು ನಂಬಿದ್ದೆ.

ಅವರ ಮಗ ಕಾರ್ತಿಕ್. ಎಂಬಿಎ ಮುಗಿಸಿ ಬಂದು ಕಂಪನಿಯ ಆಡಳಿತ ವಹಿಸಿಕೊಂಡಿದ್ದ. ಅವನು ಬಂದ ಹೊತ್ತಿಗೆ ವ್ಯಾಪಾರದ ರೀತಿಯೇ ಬದಲಾಗುತ್ತಿತ್ತು. ವಿಜಯನಗರ, ರಾಜಾಜಿನಗರದ ದಿನಸಿ ಅಂಗಡಿಗಳು ನಮ್ಮ ಬೆನ್ನೆಲುಬು. ಅಲ್ಲಿಗೆ ಬರುತ್ತಿದ್ದ ಗಿರಾಕಿಗಳು ಈಗ ಮೊಬೈಲಿನಲ್ಲಿ ಒತ್ತಿ, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಿಸಿಕೊಳ್ಳತೊಡಗಿದ್ದರು. ಆ ಆ್ಯಪ್‌ಗಳ ಗೋದಾಮಿನವರು ತಿಂಗಳುಗಟ್ಟಲೆ ಹಳೆಯ ಪ್ಯಾಕೆಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ತಾಜಾ ಇದ್ದರೆ ಕೊಡಿ, ಇಲ್ಲದಿದ್ದರೆ ಜಾಗ ಖಾಲಿ ಮಾಡಿ ಎನ್ನುವ ಜನ.

ಇದಕ್ಕೆ ಕಾರ್ತಿಕ್ ತಂದ ಮಂತ್ರ 'ಡೈನಾಮಿಕ್ ಕೇಪಬಿಲಿಟಿ'. ಮಾರುಕಟ್ಟೆ ಬದಲಾದಾಗ ಸಂಸ್ಥೆಯೊಂದು ತನ್ನ ಜನ, ಯಂತ್ರ, ಕೆಲಸದ ಪದ್ಧತಿಗಳನ್ನು ಹೊಸದಾಗಿ ಜೋಡಿಸಿಕೊಳ್ಳುವ ಶಕ್ತಿಗೆ ಆ ಹೆಸರು. ಅದರಲ್ಲಿ ಮೂರು ಮೆಟ್ಟಿಲು: ಬದಲಾವಣೆಯನ್ನು ಬೇಗ ಗ್ರಹಿಸುವುದು, ಸಿಕ್ಕ ಅವಕಾಶವನ್ನು ಹಿಡಿಯುವುದು, ಅದಕ್ಕೆ ತಕ್ಕಂತೆ ತನ್ನನ್ನೇ ಮಾರ್ಪಡಿಸಿಕೊಳ್ಳುವುದು. ಸೆನ್ಸ್, ಸೀಸ್, ಟ್ರಾನ್ಸ್‌ಫಾರ್ಮ್ ಎಂದು ಗೋಡೆಗೋಡೆಗೂ ಬ್ಯಾನರ್ ಬಿದ್ದವು. ಶೌಚಾಲಯದ ಬಾಗಿಲನ್ನೂ ಬಿಡಲಿಲ್ಲ.

ನಾನು ಆ ಸಿದ್ಧಾಂತವನ್ನು ಹೀಗಳೆಯುವವನಲ್ಲ. ಅದು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲು ನಾವು ತಿಂಗಳಿಗಾಗುವಷ್ಟು ಹುಳಿಪುಡಿಯನ್ನು ಒಮ್ಮೆಗೇ ಮಾಡಿ ಪೇರಿಸಿಡುತ್ತಿದ್ದೆವು. ಅದನ್ನು ಬಿಟ್ಟು, ಬೆಳಿಗ್ಗೆ ಆರ್ಡರ್ ನೋಡಿ ಅಂದಿಗೆ ಬೇಕಾದಷ್ಟೇ ಹುರಿಯುವ ಪದ್ಧತಿಗೆ ಬಂದೆವು. ಕೇಳುವುದಕ್ಕೆ ಸುಲಭ. ಮಾಡುವುದಕ್ಕೆ ಹೋದರೆ ಹುರಿಯುವ ಡ್ರಮ್ಮನ್ನು ದಿನಕ್ಕೆ ಎಷ್ಟೋ ಸಲ ತೊಳೆಯಬೇಕು, ಪ್ಯಾಕಿಂಗಿನ ಹೆಂಗಸರು ಹುರಿಯುವುದನ್ನು ಕಲಿಯಬೇಕು, ಹುರಿಯುವವರು ಪ್ಯಾಕಿಂಗಿಗೆ ಕೂರಬೇಕು. ಲಗ್ಗೆರೆಯಿಂದ ಬರುತ್ತಿದ್ದ ನಮ್ಮ ಹೆಂಗಸರು ಅದನ್ನೆಲ್ಲ ಕಲಿತರು. ಗೊಣಗಿದರು, ಜಗಳವಾಡಿದರು, ಕಲಿತರು. ದೂರುಗಳು ಕಡಿಮೆಯಾದವು, ಆ್ಯಪ್‌ಗಳಿಂದ ಆರ್ಡರ್ ಹೆಚ್ಚಿತು. ಸಂಸ್ಥೆಯ ಸಾಮರ್ಥ್ಯ ಎಂದರೆ ಇದು ಎಂದು ನಾನು ಮನಸಾರೆ ಸಂತೋಷಪಟ್ಟಿದ್ದೆ.

ಆದರೆ ಹಳೆಯ ಮಾಲಿನ ಪಾಡೇನು? ದಿನಸಿ ಅಂಗಡಿಗಳಲ್ಲಿ ಮಾರಾಟವಾಗದೆ, ಅವಧಿ ಮುಗಿದ ಚಟ್ನಿಪುಡಿ ಪ್ಯಾಕೆಟ್ಟುಗಳು ಚೀಲಗಟ್ಟಲೆ ವಾಪಸ್ ಬರುತ್ತಿದ್ದವು. ಇವನ್ನು ನಾಶ ಮಾಡಬೇಕು, ಅದೇ ನಿಯಮ. ಕೆಳಗಿನ ಗೋದಾಮಿನಲ್ಲಿ ಅವು ರಾಶಿಬಿದ್ದಿದ್ದನ್ನು ನೋಡಿ, ಬೇಗ ವಿಲೇವಾರಿ ಮಾಡಿಸಿ ಎಂದು ನಾನು ಎರಡು ಮೂರು ಸಲ ಹೇಳಿದ್ದೆ. "ಪ್ಲಾನ್ ಇದೆ ಅಂಕಲ್" ಎನ್ನುತ್ತಿದ್ದ ಕಾರ್ತಿಕ್.

ಯುಗಾದಿ ಕಳೆದ ಮೇಲಿನ ಒಂದು ದಿನ. ಲ್ಯಾಬಿನಲ್ಲಿ ಕೂತಿದ್ದವನಿಗೆ ಮೆಟ್ಟಿಲ ಕಡೆಯಿಂದ ಮೂಗಿಗೆ ಬಡಿಯುವಂಥ ಬೆಳ್ಳುಳ್ಳಿ ವಾಸನೆ ಬಂತು. ಅಂದು ಬೆಳ್ಳುಳ್ಳಿ ಹಾಕುವ ಯಾವ ಪುಡಿಯೂ ತಯಾರಾಗುತ್ತಿರಲಿಲ್ಲ. ಬೆಳ್ಳುಳ್ಳಿಯ ಹಿಂದೆಯೇ ಇನ್ನೊಂದು ವಾಸನೆ ಇತ್ತು. ಹಳೆಯ ಕೊಬ್ಬರಿಯ ಕಮಟು. ಆ ವಾಸನೆಯ ಜಾಡು ಹಿಡಿದು ಟೆರೇಸಿಗೆ ಹೋದೆ.

ನೀರಿನ ಟ್ಯಾಂಕಿನಿಂದ ಹಿಡಿದು ಮೋಟುಗೋಡೆಯವರೆಗೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಚಟ್ನಿಪುಡಿಯನ್ನು ತೆಳ್ಳಗೆ ಹರಡಿದ್ದರು. ಒಂದು ಮೂಲೆಯಲ್ಲಿ ಬೆಳ್ಳುಳ್ಳಿ ಪುಡಿಯ ಚೀಲ, ಪಕ್ಕದಲ್ಲಿ ಒಡೆದ ಹಳೆಯ ಪ್ಯಾಕೆಟ್ಟುಗಳ ರಾಶಿ, ಒಂದೊಂದರ ಮೇಲೂ ಯಜಮಾನರ ಹೆಂಡತಿಯ ನಗುಮುಖ. ಪ್ಯಾಕಿಂಗ್ ಸೂಪರ್‌ವೈಸರ್ ಸುನಂದಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ನಾಲ್ಕಾರು ಹೆಂಗಸರ ಜೊತೆ ಕೂತು ಜರಡಿ ಹಿಡಿಯುತ್ತಿದ್ದರು. ಜರಡಿಯಲ್ಲಿ ಬಲೆ ಕಟ್ಟಿದ ಗಂಟುಗಳು ಉಳಿದಿದ್ದವು. ಆ ಗಂಟುಗಳು ಅಲ್ಲಾಡುತ್ತಿದ್ದವು.

"ಏನ್ ಸುನಂದಮ್ಮ ಇದು?"

"ಬಿಸಿಲಿಗೆ ಹಾಕಿದೀವಿ ಸಾರ್."

"ಅದು ಕಾಣ್ತಾ ಇದೆ. ಯಾಕೆ ಅಂತ ಕೇಳ್ದೆ."

"ಕಾರ್ತಿಕ್ ಸಾರ್ ಹೇಳಿದ್ರು. ಅನ್ನದ ಪದಾರ್ಥ ಎಸೀಬಾರ್ದು, ಮನೇಲಿ ಹೆಂಗೆ ಮಾಡ್ತೀರೋ ಹಂಗೇ ಮಾಡಿ ಅಂದ್ರು. ಮನೇಲಿ ರವೆಗೆ ಹುಳ ಬಿದ್ರೆ ಎಸ್ದುಬಿಡ್ತೀವಾ ಸಾರ್? ಜರಡಿ ಹಿಡ್ದು ಬಿಸಿಲಿಗೆ ಹಾಕ್ತೀವಿ. ನಿಮ್ಮನೇಲಿ ಹಾಕಲ್ವಾ?"

ಹಾಕುತ್ತೇವೆ. ನನ್ನ ತಾಯಿ ಹಾಕುತ್ತಿದ್ದರು, ನನ್ನ ಹೆಂಡತಿ ಈಗಲೂ ಹಾಕುತ್ತಾಳೆ. ರವೆ, ಬೇಳೆ, ಹುಣಸೆಹಣ್ಣು, ಎಲ್ಲಕ್ಕೂ ನಮ್ಮ ಮನೆಗಳಲ್ಲಿ ಬಿಸಿಲೇ ಮದ್ದು. ಕಾರ್ತಿಕ್ ಹಿಡಿದದ್ದು ಇದನ್ನೇ. ಹುಳ ಬಿದ್ದ ಮಾಲನ್ನು ಮಾರೋಣ ಎಂದು ನೇರವಾಗಿ ಹೇಳಿದ್ದರೆ ಆ ಹೆಂಗಸರು ಜರಡಿ ಕೈಗೆತ್ತಿಕೊಳ್ಳುತ್ತಿರಲಿಲ್ಲ. ತಾಯಂದಿರು ಕಲಿಸಿದ ಒಂದು ಒಳ್ಳೆಯ ಅಭ್ಯಾಸವನ್ನು ಎತ್ತಿಕೊಂಡು ಬಂದು ಕೊಳಕು ಕೆಲಸಕ್ಕೆ ಹೂಡಿದ್ದ. ಹುಳಕ್ಕಿಂತ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ಜಾಣತನ.

ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅವರಿಗೆ ವ್ಯತ್ಯಾಸ ಹೇಳಿದೆ. ಮನೆಯ ರವೆ ನಿಮ್ಮದು, ನಿಮ್ಮ ಕಣ್ಣೆದುರು ಕೆಟ್ಟದ್ದು, ನೀವೇ ತಿನ್ನುವುದು. ಅದರಲ್ಲಿ ಎಣ್ಣೆಯೂ ಇಲ್ಲ. ಚಟ್ನಿಪುಡಿಯಲ್ಲಿ ಕಡಲೆಕಾಯಿ ಇದೆ, ಕೊಬ್ಬರಿ ಇದೆ. ಅದರ ಎಣ್ಣೆ ಒಮ್ಮೆ ಕಮಟು ಹಿಡಿದರೆ ಬಿಸಿಲಿಗೆ ಇನ್ನಷ್ಟು ಕೆಡುತ್ತದೆ. ಜರಡಿ ಹುಳವನ್ನು ತೆಗೆಯುತ್ತದೆ, ಹುಳ ಬಿಟ್ಟ ಹಿಕ್ಕೆಯನ್ನು ತೆಗೆಯುವುದಿಲ್ಲ. ಕಮಟು ಗೊತ್ತಾಗದಿರಲಿ ಎಂದೇ ಬೆಳ್ಳುಳ್ಳಿ ಸುರಿಯುತ್ತಿದ್ದಾರೆ.

ಸುನಂದಮ್ಮ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಪ್ಯಾಕಿಂಗಿಗೆ ಮೆಷಿನ್ ಬಂತು ಸಾರ್. ನಮ್ಮ ಕೈಗೆ ಉಳ್ದಿರೋದು ಇದೊಂದೇ ಕೆಲ್ಸ. ಇದೂ ನಿಂತ್ರೆ ನಾವೆಲ್ಲಿಗೆ ಹೋಗೋಣ?" ಎಂದರು.

ಕೆಳಗಿಳಿದು ಕಾರ್ತಿಕ್ ಕೋಣೆಗೆ ಹೋದೆ. ಅವನು ಒಂದಿಷ್ಟೂ ಅಳುಕಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಹೊಸ ಸರಕಿನ ಲೇಬಲ್ ತೋರಿಸಿದ. ಖಾರ ಬೆಳ್ಳುಳ್ಳಿ ಚಟ್ನಿಪುಡಿ, ದೊಡ್ಡ ಚೀಲದಲ್ಲಿ, ಅಡುಗೆ ಗುತ್ತಿಗೆದಾರರಿಗೆ. ಮೊದಲ ಲೋಡು ಜ್ಞಾನಭಾರತಿ ಕಡೆಯ ವಿದ್ಯಾರ್ಥಿ ಪಿಜಿಗಳಿಗೆ ಊಟ ಹಾಕುವ ಒಬ್ಬ ಕೇಟರರ್‌ಗೆ. ಮಾರನೆಯ ಸಂಜೆ ಗಾಡಿ ಬರಲಿದೆ. ನನ್ನ ಸಹಿಯೊಂದು ಬಾಕಿ.

"ಮಾರ್ಕೆಟ್ ಸೆನ್ಸ್ ಮಾಡಿದ್ವಿ, ಆಪರ್ಚುನಿಟಿ ಸೀಸ್ ಮಾಡಿದ್ವಿ, ಡೆಡ್ ಸ್ಟಾಕನ್ನ ಟ್ರಾನ್ಸ್‌ಫಾರ್ಮ್ ಮಾಡ್ತಾ ಇದೀವಿ. ಇದಕ್ಕಿಂತ ಒಳ್ಳೆ ಎಕ್ಸಾಂಪಲ್ ಪುಸ್ತಕದಲ್ಲೂ ಇಲ್ಲ ಅಂಕಲ್."

"ಅದ್ರಲ್ಲಿ ಹುಳ ಇದೆ, ಕಾರ್ತಿಕ್."

"ಇತ್ತು. ತೆಗೆಸಿದೀನಿ. ಇಂಡಸ್ಟ್ರೀಲಿ ಇದಕ್ಕೆ ರೀವರ್ಕ್ ಅಂತಾರೆ, ನಿಮಗೇ ಗೊತ್ತು."

ಗೊತ್ತು. ಅಂದು ತಯಾರಾದ ಮಾಲಿನಲ್ಲಿ ಪ್ಯಾಕೆಟ್ ಸರಿಯಾಗಿ ಅಂಟದೆ ಹೋದರೆ, ಆ ಪುಡಿಯನ್ನು ಅಂದೇ ತಿರುಗಿ ತುಂಬುವುದಕ್ಕೆ ರೀವರ್ಕ್ ಎನ್ನುತ್ತಾರೆ. ಅವಧಿ ಮುಗಿದು, ಹುಳ ಬಿದ್ದು ವಾಪಸ್ ಬಂದದ್ದಕ್ಕೆ ಕಸ ಎನ್ನುತ್ತಾರೆ. ಸಹಿ ಹಾಕುವುದಿಲ್ಲ ಎಂದೆ. ನೀವು ಹಾಕದಿದ್ದರೆ ಹಾಕುವ ಕನ್ಸಲ್ಟೆಂಟ್ ಇದ್ದಾರೆ ಎಂದ. ಹಾಗಾದರೆ ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡುತ್ತೇನೆ ಎಂದೆ. "ಕೊಡಿ ಅಂಕಲ್. ಅವ್ರು ಬಂದು, ಸ್ಯಾಂಪಲ್ ತಗೊಂಡು, ರಿಪೋರ್ಟ್ ಬರೋ ಹೊತ್ತಿಗೆ ಹುಡುಗ್ರು ತಿಂದು ಅರಗಿಸಿಕೊಂಡಿರ್ತಾರೆ" ಎಂದು ನಕ್ಕ. ಆ ನಗುವಿನ ಮೇಲೆ ಉಗುಳಬೇಕೆನಿಸಿತು. ಉಗುಳಲಿಲ್ಲ, ಯಜಮಾನರು ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಂಜೆ ಸ್ಕೂಟರ್ ಹತ್ತಿ ಕಾರ್ಡ್ ರೋಡ್ ದಾಟಿ ಬಸವೇಶ್ವರನಗರದ ಅವರ ಮನೆಗೆ ಹೋದೆ. ಯಜಮಾನರು ಆಗಷ್ಟೇ ದೀಪ ಹಚ್ಚಿ ತುಳಸಿಕಟ್ಟೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಫಿ ತರಿಸಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಜರಡಿ, ಗಂಟು, ಬೆಳ್ಳುಳ್ಳಿ, ವಿದ್ಯಾರ್ಥಿಗಳ ಊಟ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ರಾಮ ರಾಮ" ಎಂದರು. ಕಾಲ ಕೆಟ್ಟಿದೆ ಎಂದರು. ಈಗಿನ ಹುಡುಗರು ಯಾರ ಮಾತು ಕೇಳುತ್ತಾರೆ ಎಂದರು. ಮಗನಿಗೆ ಒಂದು ಫೋನ್ ಮಾಡಿ ಎಂದು ನಾನು ಕೇಳಿಕೊಂಡದ್ದಕ್ಕೆ, "ನೋಡೋಣ ಪ್ರಸಾದು, ನೋಡೋಣ" ಎಂದರು. ಎದ್ದೆ.

ಗೇಟಿನವರೆಗೆ ಅವರೇ ಬಂದರು. ಚಿಲಕ ತೆಗೆಯುತ್ತಾ, ದನಿ ತಗ್ಗಿಸಿ ಕೇಳಿದರು:

"ಪ್ರಸಾದು, ನಮ್ಮನೆಗೆ ಕಳಿಸ್ತಾರಲ್ಲ ಪುಡಿ, ಅದು ಈ ಮಾಲಲ್ಲ ತಾನೇ?"

ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆಯನ್ನು ಎಷ್ಟೋ ಸಲ ಕೇಳಿದ್ದೆ. ಆ ಬೃಂದಾವನದ ಮುಂದೆಯೇ ಕೂತು ಕಾಫಿ ಕುಡಿದದ್ದು ಅಂದೇ ಮೊದಲು. ಇಲ್ಲ ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದೆ. ಹಾವನೂರು ಸರ್ಕಲ್ ಹತ್ತಿರ ನಿಲ್ಲಿಸಿ, ಚರಂಡಿಯ ಪಕ್ಕ ಕೂತು ವಾಂತಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ನೇರ ಟೆರೇಸಿಗೆ ಹೋದೆ. ಹೆಂಗಸರು ಪುಡಿಗೆ ಕೊನೆಯ ಸಲ ಬಿಸಿಲು ತೋರಿಸಲು ಹರಡುತ್ತಿದ್ದರು. ನಾನು ಸಹಿ ಹಾಕುವುದಿಲ್ಲ, ನನ್ನ ಕೆಲಸ ಹೋದರೂ ಹೋಗಲಿ ಎಂದೆ. ಸುನಂದಮ್ಮನಿಗೆ ಸಿಟ್ಟು ಬಂತು.

"ನಿಮ್ದು ಬಿಡಿ ಸಾರ್. ಮನೆ ಇದೆ, ಮಗಳ ಮದ್ವೆ ಆಗಿದೆ. ಕೆಲ್ಸ ಬಿಡ್ತೀನಿ ಅಂದ್ರೆ ನಿಮಗೆ ಶೋಭೆ. ನಾವು ಬಿಟ್ರೆ ಒಲೆ ಹತ್ತಲ್ಲ. ಯಜಮಾನ್ರಿಗೆ ಹೇಳಿದ್ರಾ? ಏನಂದ್ರು ಅವ್ರು?"

ಏನು ಹೇಳಿದರೋ ಅದನ್ನೇ ಹೇಳಿದೆ. ಗೇಟಿನ ಬಳಿ ಕೇಳಿದ ಪ್ರಶ್ನೆಯನ್ನೂ, ಅವರ ದನಿಯಲ್ಲೇ, ಅಕ್ಷರ ಬಿಡದೆ.

ಸುನಂದಮ್ಮ ಮೂಗಿಗೆ ಕಟ್ಟಿದ್ದ ಸೆರಗನ್ನು ಬಿಚ್ಚಿದರು.

"ಅವ್ರ ಮನೆಗೆ ಬೇಡ್ವಂತಾ?"

"ಬೇಡ್ವಂತೆ."

"ಮನೆ ಥರ ಮಾಡಿ ಅಂದ್ರಲ್ಲ ಮಗ, ಅವ್ರ ಮನೇಗೇ ಬೇಡ್ವಂತಾ?" ಎಂದು ಇನ್ನೊಮ್ಮೆ ಕೇಳಿದರು. ಪ್ರಶ್ನೆ ನನಗಲ್ಲ. ಆಮೇಲೆ ಜೊತೆಗಿದ್ದವರ ಕಡೆ ತಿರುಗಿ, "ಕೆಳಗಿರೋ ಚೀಲಾನೂ ತನ್ರೇ. ಎಲ್ಲಾ ಹರಡಣ" ಎಂದರು.

ಗೋದಾಮಿನಲ್ಲಿದ್ದ ಚೀಲಗಳೆಲ್ಲ ಒಂದೊಂದಾಗಿ ಮೇಲೆ ಬಂದವು. ಸೆಕ್ಯೂರಿಟಿಯವನು ಕೇಳಿದ್ದಕ್ಕೆ, ಬಿಸಿಲಿಗೆ ಹಾಕಬೇಕಂತೆ ಎಂದರು, ಅವನು ಸುಮ್ಮನಾದ. ಟೆರೇಸಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಚಟ್ನಿಪುಡಿ ಹರಡಿದ ಮೇಲೆ, ಸುನಂದಮ್ಮ ಟ್ಯಾಂಕಿನ ನಲ್ಲಿಗೆ ಪೈಪು ಸಿಕ್ಕಿಸಿ ತಿರುಗಿಸಿದರು. ಒಬ್ಬರು ಬಕೆಟ್ಟಿನಲ್ಲಿ ಸುರಿದರು, ಇನ್ನೊಬ್ಬರು ಪೊರಕೆ ತಂದರು. ಕೆಂಪು ಕೆಸರು ಟೆರೇಸಿನ ತೂಬಿನತ್ತ ಹರಿಯಿತು. ಕಮಟು ನಾತ ಇಡೀ ರಸ್ತೆಗೆ ಹಬ್ಬಿತು. ನನಗೆ ಅಂದು ಆ ನಾತದಿಂದ ವಾಕರಿಕೆ ಬರಲಿಲ್ಲ.

ಕಾರ್ತಿಕ್ ಬಂದಾಗ ಹತ್ತೂವರೆ ದಾಟಿತ್ತು. ಮೇಲೆ ಬಂದು ನೋಡಿದವನ ಮುಖ ಬಿಳಿಚಿತು.

"ಯಾರ್ರೀ ಮಾಡಿದ್ದು ಇದನ್ನ?"

"ಮಳೆ ಬಂತು ಸಾರ್" ಎಂದರು ಸುನಂದಮ್ಮ.

ಆಕಾಶದಲ್ಲಿ ಒಂದು ಮೋಡವಿರಲಿಲ್ಲ. "ಯಾವ ಮಳೆ? ನಮ್ಮನೆ ಹತ್ರ ಒಂದು ಹನಿ ಬಿದ್ದಿಲ್ಲ!"

"ರಾಜಾಜಿನಗರದಲ್ಲಿ ಬಂದ್ರೆ ಬಸವೇಶ್ವರನಗರದಲ್ಲೂ ಬರ್ಬೇಕಾ ಸಾರ್? ಬೆಂಗ್ಳೂರ್ ಮಳೆ ಗೊತ್ತಲ್ಲ ನಿಮಗೆ."

ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ಅದನ್ನೇ ಹೇಳಿದರು, ಮಳೆ ಬಂತು. ನನ್ನತ್ತ ತಿರುಗಿದ. ಜೋರು ಮಳೆ ಎಂದೆ. ವೃತ್ತಿಜೀವನದಲ್ಲಿ ಸುಳ್ಳು ಹೇಳಿ ಅಷ್ಟು ಹಗುರಾದದ್ದು ಇನ್ನೊಂದು ನೆನಪಿಲ್ಲ.

ಸಂಜೆ ಬಂದ ಗಾಡಿ ಖಾಲಿ ಹೋಯಿತು. ಕೇಟರರ್ ಬೇರೆ ಕಡೆ ನೋಡಿಕೊಂಡ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುನಗುತ್ತಾ ಬರೆಯುತ್ತಿದ್ದೆ. ಒಂದು ವಾರದೊಳಗೆ 'ಲೈನ್ ರೀಸ್ಟ್ರಕ್ಚರಿಂಗ್' ಎಂಬ ಹೆಸರಿನಲ್ಲಿ ಸುನಂದಮ್ಮನನ್ನೂ ಅವರ ಜೊತೆಗಿದ್ದವರನ್ನೂ ಮನೆಗೆ ಕಳಿಸಿದರು. ಹುರಿಯುವುದನ್ನೂ ಪ್ಯಾಕಿಂಗನ್ನೂ ಎರಡನ್ನೂ ಕಲಿತು, ಕಂಪನಿಯನ್ನು ಆ್ಯಪ್‌ಗಳ ಕಾಲಕ್ಕೆ ದಾಟಿಸಿದವರು ಅವರೇ. ನಾನು ರಾಜೀನಾಮೆ ಕೊಟ್ಟೆ. ಯಾರೂ ಬೇಡ ಎನ್ನಲಿಲ್ಲ.

ಮುಂದಿನ ವರ್ಷ ಸಣ್ಣ ಉದ್ಯಮಿಗಳ ಒಂದು ಸಮಾರಂಭಕ್ಕೆ ನನಗೂ ಕರೆ ಬಂದಿತ್ತು. ವೇದಿಕೆಯ ಮೇಲೆ ಕಾರ್ತಿಕ್. ವಿಷಯ, ಬದಲಾಗುವ ಮಾರುಕಟ್ಟೆಯಲ್ಲಿ ಸಂಸ್ಥೆಯ ಹೊಂದಿಕೊಳ್ಳುವ ಶಕ್ತಿ. ಸ್ಲೈಡುಗಳ ನಡುವೆ ಒಂದು ಫೋಟೋ ಬಂತು: ಒದ್ದೆ ಟೆರೇಸು, ಹರಿಯುವ ಕೆಂಪು ಕೆಸರು. ಅಂದು ಸಿಟ್ಟಿನಲ್ಲಿ ಸಾಕ್ಷಿಗೆಂದು ತೆಗೆದುಕೊಂಡಿದ್ದನೇನೋ. "ಕ್ವಾಲಿಟಿ ವಿಷಯದಲ್ಲಿ ನಾವು ರಾಜಿ ಆಗಲ್ಲ. ಅವಧಿ ಮುಗಿದ ಮಾಲನ್ನ ನಾವೇ ಕೈಯಾರೆ ನಾಶ ಮಾಡಿದ್ವಿ" ಎಂದ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಯಜಮಾನರಿಗೆ ಶಾಲು ಹೊದಿಸಿದರು. ಅವರ ಕಣ್ಣಲ್ಲಿ ನೀರು. ಎದುರಿಗೆ ಬಂದದ್ದನ್ನೆಲ್ಲ ತಮ್ಮ ಲಾಭಕ್ಕೆ ತಿರುಗಿಸಿಕೊಳ್ಳುವ ಶಕ್ತಿ ಅಪ್ಪ ಮಗ ಇಬ್ಬರಿಗೂ ನಿಜವಾಗಿಯೂ ಇತ್ತು, ಅದನ್ನು ಒಪ್ಪಲೇಬೇಕು.

ಊಟಕ್ಕೆ ನಿಲ್ಲದೆ ಲಗ್ಗೆರೆಗೆ ಹೋಗಿ ಸುನಂದಮ್ಮನನ್ನು ಕಂಡೆ. ಅವರು ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದ್ದರು, ಮೊದಲಿಗಿಂತ ದೂರ, ಮೊದಲಿಗಿಂತ ಹೆಚ್ಚು ದುಡಿತ. ಫೋಟೋದ ವಿಷಯ ಹೇಳಿದೆ. "ಏನಾದ್ರೂ ಹೇಳ್ಕೊಳ್ಲಿ ಬಿಡಿ ಸಾರ್. ಆ ಮಕ್ಕಳು ತಿನ್ಲಿಲ್ವಲ್ಲ" ಎಂದರು.

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನನಗೆ ಇನ್ನೂ ಹೇಸಿಗೆಯಾಗುತ್ತದೆ, ಅದು ಹೋಗುವುದೂ ಬೇಡ. ಗ್ರಹಿಸುವುದು, ಹಿಡಿಯುವುದು, ಮಾರ್ಪಡಿಸಿಕೊಳ್ಳುವುದು, ಈ ಮೂರೂ ಸಂಸ್ಥೆಗೆ ಬೇಕು ಎಂದು ಇವತ್ತಿಗೂ ಒಪ್ಪುತ್ತೇನೆ. ಆದರೆ ಈ ಮೂರಕ್ಕೂ ಮೊದಲು ಬೇಕಾದ ಸಾಮರ್ಥ್ಯ ಒಂದಿದೆ: ಹೇಸುವುದು. ಇದನ್ನು ನಾವು ಮಾಡುವುದಿಲ್ಲ ಎಂದು ಮೈಯೇ ಹಿಂದೆ ಸರಿಯಬೇಕು. ನಮ್ಮ ಕಂಪನಿಯಲ್ಲಿ ಅದು ಇದ್ದದ್ದು ಕೆಲವು ಹೆಂಗಸರಲ್ಲಿ. ಅವರನ್ನು ಕಂಪನಿ ಕೆಲಸದಿಂದ ತೆಗೆದುಹಾಕಿತು.